ಎಂಟು ಸೆಕೆಂಡಿನ ಮುಖ

ಅಕ್ಕನ ಕೆಲಸ ಮುಖ ನೋಡುವುದು. ಗಾಡಿಯೊಳಗಿನ ಕ್ಯಾಮೆರಾಕ್ಕೆ ಯಾವ ಭಾವವೆಂದು ಅನುಮಾನ ಬಂದ ಡ್ರೈವರುಗಳ ಮುಖ ಎಂಟು ಸೆಕೆಂಡು ಪರದೆಯ ಮೇಲೆ ಬರುತ್ತದೆ. ಸಿಟ್ಟೋ, ದುಃಖವೋ, ಖುಷಿಯೋ ಎಂದು ಗುಂಡಿ ಒತ್ತಬೇಕು. ಒಂದೊಂದು ಮುಖಕ್ಕೆ ಮೂವರು ಒತ್ತುತ್ತಾರೆ, ಇಬ್ಬರು ಹೇಳಿದ್ದೇ ಸತ್ಯ. ಹೀಗೆ ಗಾಡಿ ಮನುಷ್ಯರ ಮನಸ್ಸು ಓದಲು ಕಲಿಯುತ್ತದಂತೆ. ಹೆಂಡತಿಯ ಮನಸ್ಸು ಓದಲಾಗದ ಗಂಡಸರೇ ಇದನ್ನು ಕಟ್ಟಿರಬೇಕು ಎಂದು ಅವಳು ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದಳು.

ಅವಳ ತಮ್ಮ ಅಂಥದ್ದೇ ವ್ಯಾನಿನ ಡ್ರೈವರ್. ದುಃಖ ಕಂಡರೆ ವ್ಯಾನು ತಾನೇ ಕಚೇರಿಗೆ ತಿಳಿಸಿ ರಜೆ ಕೊಡಿಸುತ್ತದೆ. ಆದರೆ ಅವನ ಮುಖ ಹುಟ್ಟಿನಿಂದಲೂ ತಿರುಗುಮುರುಗು. ಅಳು ಒತ್ತರಿಸಿ ಬಂದಾಗ ಅವನ ತುಟಿ ನಗುತ್ತದೆ. ಅಪ್ಪನ ಹೆಣದ ಮುಂದೆ ಹಲ್ಲು ಕಿರಿದನೆಂದು ಚಿಕ್ಕಪ್ಪ ಕೆನ್ನೆಗೆ ಬಾರಿಸಿದ್ದರು. ಅದು ನಗುವಲ್ಲ ಎಂದು ಗೊತ್ತಿದ್ದವಳು ಅಕ್ಕ ಒಬ್ಬಳೇ.

ಈಗ ಅವನ ನಾಲ್ಕು ವರ್ಷದ ಮಗಳು ಜ್ವರದಲ್ಲಿ ಹೋಗಿ ಹದಿನೈದು ದಿನ.

"ಆಫೀಸಲ್ಲಿ ರಜೆ ಕೇಳ್ದೆ ಅಕ್ಕಾ," ಎಂದ ಫೋನಿನಲ್ಲಿ. "ನೀನು ಖುಷಿಯಾಗಿದ್ದೀಯ ಅಂತ ಗಾಡಿನೇ ಹೇಳ್ತಿದೆ ಅಂದ್ರು. ರಸ್ತೆ ಮುಂದಿದ್ರೂ ಕಾಣಲ್ಲ ಕಣಕ್ಕಾ."

"ನಾನು ನೋಡ್ಕೋತೀನಿ," ಎಂದಳು. ಆ ಧೈರ್ಯ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ.

ಮೂರನೆಯ ದಿನ ಅವನ ಮುಖ ಅವಳ ಪರದೆಗೇ ಬಂತು. ದುಃಖ ಎಂದು ಒತ್ತಿದಳು. ಉಳಿದಿಬ್ಬರು ಖುಷಿ ಎಂದಿದ್ದರು. ಅವಳು ಎದ್ದು ಸೂಪರ್‌ವೈಸರ್ ಬಳಿಗೆ ಹೋದಳು.

"ಇವನು ಅಳ್ತಿದಾನೆ ಸರ್. ನನ್ನ ತಮ್ಮ, ನಂಗೊತ್ತು."

ಸೂಪರ್‌ವೈಸರ್ ಕೆಟ್ಟವನಲ್ಲ, ನಿಯಮದವನು. "ತಮ್ಮ ಅಂದ್ಮೇಲೆ ನೀವು ನೋಡೋ ಹಾಗೇ ಇಲ್ಲಮ್ಮ," ಎಂದು ಅವಳ ಉತ್ತರವನ್ನು ಅಳಿಸಿದ. ತಮ್ಮನ ಮುಖ ಮತ್ತೆಂದೂ ಅವಳ ಪರದೆಗೆ ಬಾರದಂತೆಯೂ ಮಾಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಮ್ಮನಿದ್ದಿದ್ದರೆ ನಾಳೆಯೂ ದುಃಖ ಎಂದು ಒತ್ತಬಹುದಿತ್ತಲ್ಲ ಎಂದು ಅವಳು ತಲೆ ತಲೆ ಚಚ್ಚಿಕೊಂಡಳು.

ಗುರುವಾರ ವ್ಯಾನು ಸೇತುವೆಯ ಕಂಬಕ್ಕೆ ಗುದ್ದಿತು. ತಮ್ಮ ಉಳಿಯಲಿಲ್ಲ.

ಹತ್ತು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಾಗ ಸೂಪರ್‌ವೈಸರ್ ತಾನೇ ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ. ಅವಳಿಗಾಗಿ ನಿಯಮ ಮುರಿದು, ವ್ಯಾನಿನ ಕೊನೆಯ ಎಂಟು ಸೆಕೆಂಡು ತೋರಿಸಿದ. ತಮ್ಮನ ಬಾಯಿ ಕಿವಿಯವರೆಗೆ ಅಗಲವಾಗಿತ್ತು.

"ನೋಡಿಮ್ಮ," ಎಂದ ಮೆಲ್ಲಗೆ. "ಕೊನೇವರೆಗೂ ನಗ್ತಾನೇ ಇದ್ದ. ಅಷ್ಟಾದ್ರೂ ಸಮಾಧಾನ ಮಾಡ್ಕೊಳ್ಳಿ."

ತಮ್ಮ ಅಷ್ಟು ಅತ್ತದ್ದನ್ನು ಅಪ್ಪ ಸತ್ತ ದಿನವೂ ಅವಳು ಕಂಡಿರಲಿಲ್ಲ.