ಪೋಲಿಯೋ ಅಂತ ಬರೆದರು

ಆಸ್ಪತ್ರೆಗೆ ನಾನು ನಡೆದುಕೊಂಡೇ ಹೋಗಿದ್ದೆ. ಈ ಮಾತನ್ನು ನನ್ನ ತಾಯಿ ಅಜಿಲೊಂಗ್ ಎಷ್ಟು ಜನರ ಮುಂದೆ ಹೇಳಿದ್ದಾಳೋ ಲೆಕ್ಕವಿಲ್ಲ. ಕಿವಿಗೊಟ್ಟವರು ಕೆಲವರು, ನಂಬಿದವರು ಇನ್ನೂ ಕಡಿಮೆ.

ಆಗ ನನಗೆ ಐದು ವರ್ಷ. ಮೂರು ದಿನದಿಂದ ಚಳಿಜ್ವರ ಬಿಟ್ಟುಬಿಟ್ಟು ಬರುತ್ತಿತ್ತು. ನಮ್ಮ ಅಕುಲೊಯಿ ಊರಿಂದ ಸರ್ಕಾರಿ ಆಸ್ಪತ್ರೆ ಹೆಚ್ಚು ದೂರವಿಲ್ಲ, ರಾಗಿ ಹೊಲ ದಾಟಿ ಜೌಗಿನ ಅಂಚಿಗೆ ಹೋದರೆ ಸಿಗುತ್ತದೆ. ಅವತ್ತು ಸಾಲು ಮಾವಿನ ಮರದವರೆಗೂ ಬೆಳೆದಿತ್ತು. ನಮ್ಮ ಸರದಿ ಬಂದಾಗ ಸಿಸ್ಟರ್ ಪರ್ಪೆಟುವಾ ನನ್ನ ಹಣೆ ಮುಟ್ಟಿ ಮಾತ್ರೆ ಎಣಿಸತೊಡಗಿದಳು.

"ಮಾತ್ರೆ ಬೇಡ," ಎಂದಳು ತೊತೊ. ನಮ್ಮಲ್ಲಿ ತಾಯಿಯನ್ನು ಹಾಗೇ ಕರೆಯುವುದು. "ನುಂಗಿದ್ದೆಲ್ಲ ಕಕ್ತಾಳೆ. ಸೂಜಿ ಹಾಕು."

"ಸೂಜಿ ಬೇಕಾಗಿಲ್ಲ ಕಣೆ."

"ಬೆಳಿಗ್ಗೆಯಿಂದ ನಿಂತಿದ್ದೀನಿ, ಮಾತ್ರೆಗೋಸ್ಕರಾನಾ? ಮಾತ್ರೆ ಅಂಗಡೀಲೂ ಸಿಗುತ್ತೆ."

ಪರ್ಪೆಟುವಾ ನಿಟ್ಟುಸಿರುಬಿಟ್ಟು ಸಾಲಿನ ಕಡೆ ನೋಡಿದಳು. ಕ್ವಿನೈನ್ ತುಂಬಿಸಿದಳು. ತೊತೊ ನನ್ನನ್ನು ತೊಡೆಯ ಮೇಲೆ ಬೋರಲು ಮಲಗಿಸಿ ಹಿಡಿದುಕೊಂಡಳು. ಎಡ ಕುಂಡಿಗೆ ಸೂಜಿ ಇಳಿಯಿತು. ಮಕ್ಕಳು ಸೂಜಿಗೆ ಅಳುವುದು ಎಲ್ಲರಿಗೂ ಗೊತ್ತು. ನಾನು ಅತ್ತದ್ದು ಹಾಗಲ್ಲವಂತೆ. ಬಿಸಿ ತಂತಿಯೊಂದು ಕುಂಡಿಯಿಂದ ಹಿಮ್ಮಡಿಯವರೆಗೆ ಸರ್ರನೆ ಎಳೆದ ಹಾಗಾಯಿತು. ಅದು ನನಗೆ ಈಗಲೂ ನೆನಪಿದೆ, ಆ ವಯಸ್ಸಿನ ಬೇರೇನೂ ನೆನಪಿಲ್ಲದಿದ್ದರೂ.

ಮನೆಗೆ ತೊತೊ ನನ್ನನ್ನು ಬೆನ್ನ ಮೇಲೆ ಹೊತ್ತು ತಂದಳು. ನೋವು, ನಾಳೆ ಸರಿಹೋಗುತ್ತೆ ಅಂದುಕೊಂಡಳು. ಮರುದಿನ ಜ್ವರ ಬಿಟ್ಟಿತ್ತು. ಅಂಗಳದಲ್ಲಿ ನಿಲ್ಲಿಸಿದರೆ ಎಡ ಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಮೂರನೇ ದಿನ ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಳು. ಪರ್ಪೆಟುವಾ ಪಾದ ನೋಡಿದಳು, ಮೇಲಿನವನನ್ನು ಕರೆದಳು. ಆತ ಆ ಆಸ್ಪತ್ರೆಗೆ ಹಿರಿಯ, ಇನ್‌ಚಾರ್ಜ್ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಇಬ್ಬರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದವನು ಕೂತು ಬರೆಯತೊಡಗಿದ.

"ಪೋಲಿಯೋ," ಎಂದ.

"ಹನಿ ಹಾಕಿಸಿದ್ದೀನಲ್ಲ! ನಾಲ್ಕು ಸಲ. ಹಾಕಿದ್ದೇ ಇವಳು," ಎಂದು ತೊತೊ ಪರ್ಪೆಟುವಾ ಕಡೆ ಕೈ ತೋರಿಸಿ, ಸೆರಗಿನ ಗಂಟಿನಿಂದ ಚೀಟಿ ತೆಗೆದಳು. ನಾಲ್ಕು ತಾರೀಕು, ನಾಲ್ಕು ಮುದ್ರೆ.

"ಕೊಡಿಲ್ಲಿ. ದಾಖಲೆಗೆ ಬೇಕು," ಎಂದು ಆತ ಚೀಟಿಯನ್ನು ಕಡತದೊಳಗೆ ಸೇರಿಸಿದ. ಅದು ಮತ್ತೆ ಹೊರಗೆ ಬರಲಿಲ್ಲ. ತೊತೊ ಕೇಳಿಕೊಂಡು ನಾಲ್ಕೈದು ಸಲ ಹೋದಳು. ಮೊದಲು ಹುಡುಕ್ತೀವಿ ಅಂದರು, ಆಮೇಲೆ ಗೆದ್ದಲು ತಿಂದಿದೆ ಅಂದರು, ಕೊನೆಗೆ ನಿನ್ನ ಹತ್ತಿರ ಚೀಟಿ ಇತ್ತು ಅನ್ನುವುದಕ್ಕೆ ಏನು ಸಾಕ್ಷಿ ಅಂದರು.

ಎರಡು ವರ್ಷದ ನಂತರ ರಾಜಧಾನಿ ಕಂಪಾಲಾದಿಂದ ಪೋಲಿಯೋ ಹನಿಯ ಜೀಪು ಬಂತು. ಮೇಲೆ ಧ್ವನಿವರ್ಧಕ, ಹಾಡು, ಹಳದಿ ಅಂಗಿಯವರು. ಆಸ್ಪತ್ರೆಯವರು ನನ್ನನ್ನು ಕರೆಸಿಕೊಂಡರು. ಮಾವಿನ ಮರದ ಕೆಳಗೆ ಮೇಜಿನ ಮೇಲೆ ನಿಲ್ಲಿಸಿದರು. ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟು ಜನ ನನ್ನನ್ನೇ ನೋಡಿದ್ದು ಅದೇ ಮೊದಲು. ಹಳದಿ ಅಂಗಿಯವನೊಬ್ಬ ನನ್ನ ಲಂಗ ಮೊಣಕಾಲಿನವರೆಗೆ ಎತ್ತಿ ಹಿಡಿದು ಹೇಳಿದ, "ತಾಯಂದಿರೇ, ನೋಡಿ. ಈ ಮಗುವಿನ ತಾಯಿ ಹನಿ ಹಾಕಿಸಲಿಲ್ಲ."

"ಹಾಕಿಸಿದ್ದೀನಿ! ಸುಳ್ಳು ಹೇಳಬೇಡ!" ತೊತೊ ಹಿಂದಿನಿಂದ ಕೂಗಿದಳು.

ಹೆಂಗಸರು ತಿರುಗಿ ನೋಡಿದರು. ಯಾರೋ ನಕ್ಕರು. ಹನಿಯ ಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಪರ್ಪೆಟುವಾ ಪೆಟ್ಟಿಗೆಯ ಮುಚ್ಚಳ ತೆಗೆದು, ಮುಚ್ಚಿ, ಮತ್ತೆ ತೆಗೆದಳು.

ಆಮೇಲೆ ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಚರ್ಚಿನ ಹೊರಗೆ, ತೊತೊ ಹನಿ ಹಾಕಿಸದವಳು. ಅಪ್ಪ ಜಗಳವಾದಾಗಲೆಲ್ಲ ಅದನ್ನೇ ಎತ್ತುತ್ತಿದ್ದ. "ಒಂದು ಹನಿ ಹಾಕಿಸೋಕೆ ನಿಂಗೆ ಪುರುಸೊತ್ತಿರಲಿಲ್ಲ ಅಲ್ವಾ?" ಆ ಚೀಟಿಯನ್ನು ಅವನೇ ಕಣ್ಣಾರೆ ನೋಡಿದ್ದ. ಊರೆಲ್ಲ ಒಂದು ಮಾತು ಹೇಳುತ್ತಿದ್ದರೆ ಕಂಡದ್ದು ಕೂಡ ಮರೆತುಹೋಗುತ್ತದೆ ಅಂತ ಕಾಣುತ್ತದೆ.

ಆಸ್ಪತ್ರೆಯ ಕಡೆ ತಲೆಹಾಕುವುದನ್ನು ತೊತೊ ಬಿಟ್ಟೇಬಿಟ್ಟಳು. ನನ್ನ ತಮ್ಮ ಓಕಿರೊರ್ ಮನೆಯಲ್ಲೇ ಹುಟ್ಟಿದ. ಮೂರು ವರ್ಷದವನಿದ್ದಾಗ ಅವನಿಗೆ ಜ್ವರ ಬಂತು. ತೊತೊ ಬೇವಿನ ಕಷಾಯ ಕುಡಿಸಿದಳು, ಅಂಗಡಿಯಿಂದ ಮಾತ್ರೆ ತಂದಳು. ಅಪ್ಪ ದನದ ಸಂತೆಗೆ ಹೋಗಿದ್ದ. ನಾಲ್ಕನೇ ದಿನ ಮಧ್ಯಾಹ್ನ ಓಕಿರೊರ್‌ನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಕೈಕಾಲು ಸೆಟೆದವು. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಓಡಿದಳು. ನಾನು ಕಾಲೆಳೆದುಕೊಂಡು ಹಿಂದೆ. ಆಸ್ಪತ್ರೆಯ ಎದುರಿನ ದಾರಿಯಲ್ಲಿ ಅವಳು ನಿಂತುಬಿಟ್ಟಳು.

"ತೊತೊ, ನಡಿ!"

"ಸೂಜಿ ಹಾಕ್ತಾರೆ ಕಣೆ," ಎಂದಳು. "ಇವನಿಗೂ ಹಾಕ್ತಾರೆ."

ಎಷ್ಟು ಹೊತ್ತು ನಿಂತಿದ್ದಳೋ ನನಗೆ ಗೊತ್ತಿಲ್ಲ. ನನಗದು ಬಹಳ ಹೊತ್ತು. ಅವಳು ಎರಡು ಉಸಿರು ಅನ್ನುತ್ತಾಳೆ. ಒಳಗೆ ಹೋಗಿ ಬಟ್ಟೆ ಬಿಚ್ಚಿದಾಗ ಹುಡುಗ ಹೋಗಿದ್ದ.

ಮಣ್ಣು ಮಾಡುವ ದಿನ ಪರ್ಪೆಟುವಾ ಬಂದಳು. ಬಿಳಿ ಸಮವಸ್ತ್ರದಲ್ಲೇ ಬಂದಳು. ಎಲ್ಲರೂ ಕೇಳುವ ಹಾಗೆ, ಆದರೆ ಮೆತ್ತಗೆ, "ಒಂದು ದಿನ ಮುಂಚೆ ತಂದಿದ್ರೆ ಉಳೀತಿದ್ದ, ಅಜಿಲೊಂಗ್," ಎಂದಳು. ಅದು ನಿಜ. ನಿಜವಾದ್ದರಿಂದಲೇ ತೊತೊ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ನಾನು ಬೆಳೆದೆ. ಕಾಲು ಜೊತೆಗೆ ಬೆಳೆಯಲಿಲ್ಲ. ನಮ್ಮಲ್ಲಿ ಹೆಣ್ಣು ಹಿರಿಯರ ಮುಂದೆ ಮಂಡಿಯೂರಿ ನೀರು ಕೊಡಬೇಕು. ನನ್ನನ್ನು ನೋಡಲು ಬಂದ ಗಂಡಿನವರ ಮುಂದೆ ನಾನು ಮಂಡಿಯೂರಿದೆ, ಏಳಲಾಗಲಿಲ್ಲ. ಹುಡುಗನ ಚಿಕ್ಕಮ್ಮ ತೋಳು ಹಿಡಿದೆತ್ತುತ್ತ, "ಹನಿ ಹಾಕಿಸದ ಮನೆ ಇದೇನಾ?" ಅಂತ ಕೇಳಿದಳು. ಅವರು ಮತ್ತೆ ಬರಲಿಲ್ಲ. ಆಮೇಲೆ ನಾನು ಹೊಲಿಗೆ ಕಲಿತೆ. ಕಾಲಲ್ಲಿ ತುಳಿಯುವ ಯಂತ್ರ ಆಗದು, ಕೈಯಲ್ಲಿ ತಿರುಗಿಸುವುದನ್ನು ತಂದುಕೊಂಡು ಪೇಟೆಯ ಮೂಲೆಯಲ್ಲಿ ಕೂತೆ.

ಹೋದ ವರ್ಷ ಪರ್ಪೆಟುವಾಳ ನಿವೃತ್ತಿ ಅಂತ ಗೊತ್ತಾಯಿತು. ಶನಿವಾರ ದೊಡ್ಡ ಬೀಳ್ಕೊಡುಗೆ. ಆ ವಾರದ ಮೊದಲಲ್ಲಿ ಅವಳು ನನ್ನ ಅಂಗಡಿಗೇ ಬಂದಳು, ನೇರಳೆ ಬಣ್ಣದ ರೇಷ್ಮೆ ಬಟ್ಟೆ ಹಿಡಿದು. ಭುಜ ಮೇಲೆದ್ದ ಉದ್ದ ಗೊಮೆಸಿ ಹೊಲಿಯಬೇಕು, ಹಬ್ಬಕ್ಕೆ ಉಡುವಂಥದ್ದು. ಪೇಟೆಯಲ್ಲಿ ಇನ್ನೂ ಇಬ್ಬರು ದರ್ಜಿಗಳಿದ್ದಾರೆ. ನನ್ನ ಹತ್ತಿರವೇ ಯಾಕೆ ಬಂದಳೋ.

ಅಳತೆಪಟ್ಟಿಯನ್ನು ಅವಳ ಸೊಂಟಕ್ಕೆ ಸುತ್ತಿದ್ದೆ. ಮುಖ ನೋಡದೆ ಕೇಳಿದೆ. "ಸಿಸ್ಟರ್, ನನ್ನ ಕಾಲಿಗೆ ಏನಾಯ್ತು?"

"ನಿಂಗೆ ಗೊತ್ತಿಲ್ವಾ?"

"ನಿಮ್ಮ ಬಾಯಲ್ಲಿ ಕೇಳಿಲ್ಲ."

ಪಟ್ಟಿಯೊಳಗೆ ಅವಳ ಹೊಟ್ಟೆ ಉಬ್ಬಿ ಇಳಿಯಿತು. "ಸೂಜಿ ಒಳಗೆ ಹೋದಾಗಲೇ ನನ್ನ ಕೈಗೆ ಗೊತ್ತಾಯ್ತು. ನೀನು ಒದ್ದೆಯೋ, ನಾನೇ ಜಾಗ ತಪ್ಪಿದೆನೋ. ಇಪ್ಪತ್ತಾರು ವರ್ಷದಿಂದ ಯೋಚಿಸ್ತಿದ್ದೀನಿ. ನರಕ್ಕೆ ತಗುಲಿತು."

"ಮತ್ತೆ ಪೋಲಿಯೋ?"

"ಅದು ಇನ್‌ಚಾರ್ಜ್ ಬರೆದದ್ದು. ನೀನು ಸುಮ್ಮನಿರು, ನಿನ್ನ ಕೆಲಸ ಉಳಿಸ್ತೀನಿ ಅಂದ. ಸುಮ್ಮನಿದ್ದೆ. ಆತ ಸತ್ತು ಹತ್ತು ವರ್ಷ ಆಯ್ತು."

"ನೀವು ಸತ್ತಿಲ್ಲವಲ್ಲ. ತೊತೊಗೆ ಹೇಳಿ."

"ಸೂಜಿನೇ ಬೇಕು ಅಂತ ಹಟ ಮಾಡಿದ್ದು ಅವಳು, ಅಮೊಡಿಂಗ್."

"ಬೇಕು ಅಂದಳು. ಎಲ್ಲಿಗೆ ಚುಚ್ಚಬೇಕು ಅಂತ ಹೇಳಲಿಲ್ಲವಲ್ಲ."

ಅವಳು ದಾರಿಯಲ್ಲಿ ಹೋಗುವ ಸೈಕಲ್ಲುಗಳ ಕಡೆ ನೋಡುತ್ತ, "ಶನಿವಾರ ಕಳೀಲಿ. ಭಾನುವಾರ ನಿಮ್ಮನೆಗೆ ಬರ್ತೀನಿ," ಎಂದಳು. ಮೆಟ್ಟಿಲಿಳಿದವಳು ತಿರುಗಿ, "ಶುಕ್ರವಾರಕ್ಕೆ ಸಿಗುತ್ತೆ ತಾನೆ, ಗೊಮೆಸಿ?" ಅಂತ ಕೇಳಿದಳು.

ಶುಕ್ರವಾರಕ್ಕೆ ಕೊಟ್ಟೆ. ಹೊಲಿಗೆ ಎಲ್ಲೂ ಸೊಟ್ಟಗಾಗಿರಲಿಲ್ಲ. ಅದಕ್ಕಾಗಿ ನನ್ನ ಮೇಲೆ ನನಗೆ ಸಿಟ್ಟಿದೆ.

ಅಂದು ಸಂಜೆ ತೊತೊಗೆ ಹೇಳಿದೆ. ಅವಳು ಅಂಗಳದಲ್ಲಿ ಕೂತು ಹುರಿದ ಶೇಂಗಾ ಅರೆಯುತ್ತಿದ್ದಳು. ಅಳುತ್ತಾಳೆ ಅಂದುಕೊಂಡಿದ್ದೆ. ಕಲ್ಲು ನಿಲ್ಲಲಿಲ್ಲ.

"ಬೈಸಿಕೊಂಡಿದ್ದು ನಾನು ಊರೆಲ್ಲರ ಮುಂದೆ," ಎಂದಳು. "ಅವಳು ಹೇಳಿದ್ದು ನಿನ್ನೊಬ್ಬಳ ಕಿವೀಲಿ. ಭಾನುವಾರದವರೆಗೂ ನಾನು ಕಾಯಲ್ಲ. ನಾಳೆ ನಾನೂ ಬರ್ತೀನಿ."

ಆಸ್ಪತ್ರೆಯ ಬಯಲಲ್ಲಿ ಶಾಮಿಯಾನ ಹಾಕಿದ್ದರು. ಪ್ಲಾಸ್ಟಿಕ್ ಕುರ್ಚಿ, ಕುಣಿತದವರು, ಮೇಕೆ ಮಾಂಸದ ವಾಸನೆ. ಪರ್ಪೆಟುವಾ ನೇರಳೆ ಗೊಮೆಸಿಯಲ್ಲಿ ನಡುವೆ ಕೂತಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಪಾದ್ರಿ ಹೊಗಳಿದ, ಊರಿನ ಅಧ್ಯಕ್ಷ ಹೊಗಳಿದ. ಆಮೇಲೆ ಊರಿನ ತಾಯಂದಿರು ಒಬ್ಬೊಬ್ಬರಾಗಿ ಮೈಕು ಹಿಡಿದು, ನನ್ನ ಅವಳಿಗಳನ್ನು ಹೆರಿಗೆ ಮಾಡಿಸಿದಳು, ನನ್ನ ಜೀವ ಉಳಿಸಿದಳು ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. ಸಾಲಿನಲ್ಲಿ ನಿಂತಿದ್ದ ತೊತೊಗೂ ಮೈಕು ಸಿಕ್ಕಿತು.

"ನನ್ನ ಮಗಳಿಗೆ ಪೋಲಿಯೋ ಆಗಿರಲಿಲ್ಲ," ಎಂದಳು. "ನಾನು ನಾಲ್ಕು ಸಲ ಹನಿ ಹಾಕಿಸಿದ್ದೆ. ಇವಳ ಸೂಜಿ ಅವಳ ಕಾಲು ತಿಂತು. ಪರ್ಪೆಟುವಾ, ನಾನು ಸುಳ್ಳು ಹೇಳ್ತಿದ್ರೆ ಎದ್ದು ನಿಂತು ಸುಳ್ಳು ಅನ್ನು."

ಪರ್ಪೆಟುವಾ ಏಳಲಿಲ್ಲ. ತೊಡೆಯ ಮೇಲಿನ ತಟ್ಟೆಯಲ್ಲಿ ಅನ್ನದ ಅಗುಳನ್ನು ಬೆರಳಿಂದ ಅಂಚಿಗೆ ಸರಿಸುತ್ತಿದ್ದಳು. ಕಾರ್ಯಕ್ರಮ ನಡೆಸಿಕೊಡುತ್ತಿದ್ದವನು ಮೈಕು ಕಸಿದುಕೊಂಡು ನಕ್ಕ. "ಅಜ್ಜಿಗೆ ಬಿಸಿಲು ನೆತ್ತಿಗೇರಿದೆ! ಯಾರಾದ್ರೂ ನೀರು ಕೊಡ್ರಪ್ಪಾ!" ಡೋಲು ಶುರುವಾಯಿತು. ಯಾರೋ ನಮ್ಮಿಬ್ಬರ ಕೈಗೂ ಊಟದ ತಟ್ಟೆ ಇಟ್ಟರು. ತೊತೊ ಮುಟ್ಟಲಿಲ್ಲ. ನಾನು ಎರಡು ತುತ್ತು ತಿಂದೆ.

ಭಾನುವಾರ ಕಾದೆವು. ಪರ್ಪೆಟುವಾ ಬೆಳಿಗ್ಗೆಯೇ ಸಾಮಾನು ಕಟ್ಟಿಸಿಕೊಂಡು ಬೇರೆ ಜಿಲ್ಲೆಯ ಮಗನ ಮನೆಗೆ ಹೋದಳಂತೆ. ಊರು ತೊತೊಗೇ ಬೈಯಿತು. ಅಷ್ಟು ಒಳ್ಳೆಯವಳ ದಿನ ಹಾಳುಮಾಡಿದಳು, ಮಗನನ್ನು ತಾನೇ ಕೊಂದುಕೊಂಡವಳು, ಈಗ ಯಾರ ಮೇಲೋ ಹೊರಿಸುತ್ತಿದ್ದಾಳೆ ಅಂದರು. ಒಂದು ತಿಂಗಳು ನನ್ನ ಅಂಗಡಿಗೆ ಯಾರೂ ಹೊಲಿಗೆ ತರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಚೆ ಹಳ್ಳಿಯ ಅಸೆಗೆ ಎಂಬ ಹುಡುಗಿ ಮನೆಗೆ ಬಂದಳು. ಬೆನ್ನ ಮೇಲೆ ಎರಡು ವರ್ಷದ ಮಗಳು. ಮೊನ್ನೆ ಖಾಸಗಿ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿದರಂತೆ. ಮಗುವನ್ನು ಇಳಿಸಿ ನಿಲ್ಲಿಸಿದಳು. ಬಲ ಪಾದ ಜೋತುಬಿತ್ತು.

"ಅವತ್ತು ಮೈಕಲ್ಲಿ ಹೇಳಿದ್ದು ನೀವೇ ಅಲ್ವಾ?" ಎಂದಳು.

ತೊತೊ ಮಗುವಿನ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಆಮೇಲೆ ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದಳು. ಮೂವರೂ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿದ್ದವನು ಎಳೆಯ ಡಾಕ್ಟರು. ಮಗುವಿನ ಪಾದಕ್ಕೆ ಪಟ್ಟಿ ಕಟ್ಟಿಸಿ, ದಿನಾ ಹೇಗೆ ಉಜ್ಜಬೇಕು ಅಂತ ತೋರಿಸಿಕೊಟ್ಟ. ಒಳ್ಳೆಯ ಹುಡುಗನೇ. ಕಾಗದದಲ್ಲಿ ಮಾತ್ರ 'ಕಾರಣ ತಿಳಿದಿಲ್ಲ' ಎಂದು ಬರೆದ. ನಾನು ಓದಿ ಹೇಳಿದೆ.

"ಸೂಜಿ ಅಂತ ಬರಿ," ಎಂದಳು ತೊತೊ.

"ಅಜ್ಜಿ, ನಾನು ನೋಡದೆ ಇದ್ದದ್ದನ್ನ ಹೇಗೆ ಬರೀಲಿ?"

"ಪೋಲಿಯೋನ ಯಾರು ನೋಡಿದ್ರು? ಬರೀಲಿಲ್ವಾ?"

ಅವನಿಗೆ ಅರ್ಥವಾಗಲಿಲ್ಲ. ಸಂಜೆಯವರೆಗೆ ಬೆಂಚಿನ ಮೇಲೆ ಕೂತೆವು. ಅವನು ಹಿಂದಿನ ಬಾಗಿಲಿಂದ ಹೋಗಿಬಿಟ್ಟ. ಮರುದಿನ ಹೋಗಿ ಕೂತೆವು. ಅದರ ಮರುದಿನವೂ. ಮೂರನೇ ದಿನ ಅವನು ಬೇಸತ್ತು ಕಾಗದ ಎಳೆದುಕೊಂಡು, ಮೊದಲಿನ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ.

"ಏನು ಬರೆದ?" ಹೊರಗೆ ಬಂದ ಮೇಲೆ ತೊತೊ ಕೇಳಿದಳು.

"'ಸೂಜಿಯ ನಂತರ ಹೀಗಾಯಿತು ಎಂದು ತಾಯಿ ಹೇಳುತ್ತಾಳೆ.'"

"ತಾಯಿ ಹೇಳ್ತಾಳೆ," ಎಂದಳು ತೊತೊ. "ಅಷ್ಟೇನಾ?"

"ಅಷ್ಟೇ."

ಅವಳು ಕಾಗದವನ್ನು ನನ್ನ ಕೈಯಿಂದ ತಗೊಂಡಳು. ಓದಲು ಬಾರದಿದ್ದರೂ ಆ ಸಾಲು ಎಲ್ಲಿದೆ ಅಂತ ಕೇಳಿ ಬೆರಳಿಟ್ಟು ನೋಡಿದಳು. ಅದನ್ನು ಅಸೆಗೆಯ ಕೈಗೆ ಕೊಟ್ಟು, "ಯಾರು ಕೇಳಿದ್ರೂ ಕೊಡಬೇಡ. ದಾಖಲೆಗೆ ಬೇಕು ಅಂದ್ರೂ ಕೊಡಬೇಡ," ಎಂದಳು. ನಾವು ಬಸ್ಸು ನಿಲ್ಲುವ ಕಡೆ ನಡೆದೆವು. ಅಸೆಗೆ ದಾರಿಯುದ್ದಕ್ಕೂ ಅಳುತ್ತಿದ್ದಳು. ಅಳಬೇಡಮ್ಮ ಅಂತ ತೊತೊ ಒಮ್ಮೆಯೂ ಹೇಳಲಿಲ್ಲ.