ಎದುರು ಬಾಗಿಲಿನ ಪರಾತ

ನಾನೊಂದು ಪರಾತ. ತಾಮ್ರದ್ದು, ಒಳಮೈಗೆ ಕಲಾಯಿ ಹಚ್ಚಿದ್ದು, ಅಂಚಿಗೆ ಎರಡು ಹಿಡಿಕೆ ಇರುವಂಥದ್ದು. ಯಾರಾದರೂ ತಟ್ಟೆ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ತಟ್ಟೆಯಲ್ಲಿ ಒಬ್ಬರು ಉಣ್ಣುತ್ತಾರೆ. ನನ್ನಲ್ಲಿ ಹೊತ್ತು ತಂದದ್ದನ್ನು ಒಂದು ಇಡೀ ಚಾಳ ಉಂಡಿದೆ.

ಹುಟ್ಟಿದ್ದು ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ. ಸುತ್ತಿಗೆಯ ಏಟು ತಿಂದು ತಿಂದೇ ಅಗಲವಾದವನು ನಾನು. ಹಾಜಿರಾಬಿಯ ಅಪ್ಪ ಅಂಗಡಿಗೆ ಬಂದು, ಬೆರಳ ಗೆಣ್ಣಿನಿಂದ ಬಾರಿಸಿ, ನನ್ನ ದನಿಗೆ ಮೆಚ್ಚಿ, ಮಗಳ ಮದುವೆಗೆಂದು ಕೊಂಡರು. ಪಕ್ಕದಲ್ಲಿ ನನಗಿಂತ ಹೊಳೆಯುವ ಹಿತ್ತಾಳೆಯವನೊಬ್ಬನಿದ್ದ. ಅವನನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಜಿರಾಬಿಯ ಗಂಡ ರೈಲ್ವೆ ವರ್ಕ್‌ಶಾಪಿನ ಕೆಲಸಗಾರ. ಸಾಲುಮನೆಗಳ ಆ ಚಾಳದಲ್ಲಿ ಅವರ ಪಕ್ಕದ ಮನೆ ಸಾರಾಬಾಯಿಯದು. ಅವಳೂ ಅವಳ ಗಂಡ ಹಾಯಿಮ್ ಪೆಣಕರರೂ ಕೊಂಕಣದ ಕಡೆಯ ಯಹೂದಿಗಳು. ಊರಿನಲ್ಲಿ ಅವರ ಮಂದಿ ಬೆರಳೆಣಿಕೆಯಷ್ಟು. ಅದರಾಚೆಯದು ಮಂಗಳೂರಿನ ಕ್ಯಾಥೊಲಿಕ್ ಹೆಂಗಸು ಸೆರಪಿನಾಬಾಯಿಯ ಮನೆ. ಗಂಡಂದಿರು ಮೂವರೂ ವರ್ಕ್‌ಶಾಪಿನ ಒಂದೇ ಭೋಂಗಾದ ಕೂಗಿಗೆ ಎದ್ದು ಹೋಗುತ್ತಿದ್ದರು. ಆಮೇಲೆ ಹೆಂಗಸರು ಮೂವರೂ ಪಡಸಾಲೆಯಲ್ಲಿ ನನ್ನ ಸುತ್ತ ಕುಳಿತು ಅಕ್ಕಿ ಆರಿಸುತ್ತಿದ್ದರು. ಕೈ ಅಕ್ಕಿಯಲ್ಲಿದ್ದರೂ ಬಾಯಿ ದೇವರ ಸುದ್ದಿಯಲ್ಲಿರುತ್ತಿತ್ತು.

ದೇವರು ಒಬ್ಬನೇ ಎಂಬಲ್ಲಿಯವರೆಗೆ ಮೂವರಿಗೂ ತಕರಾರಿರಲಿಲ್ಲ. ಇಬ್ರಾಹಿಂ ಎನ್ನಲಿ, ಅಬ್ರಹಾಂ ಎನ್ನಲಿ, ಹಿರಿಯನೂ ಒಬ್ಬನೇ. ಅವನು ದೇವರ ಮಾತಿಗೆ ಮಗನ ಮೇಲೆ ಕತ್ತಿ ಎತ್ತಿದ, ದೇವರು ತಡೆದ, ಮಗನ ಬದಲು ಟಗರು ಬಂತು. ಯಾವ ಮಗ ಎಂದ ಕೂಡಲೇ ಅಕ್ಕಿ ಅಲ್ಲೇ ನಿಲ್ಲುತ್ತಿತ್ತು. ಇಸಾಕ ಎಂದು ಸಾರಾಬಾಯಿ, ಇಸ್ಮಾಯಿಲ್ ಎಂದು ಹಾಜಿರಾಬಿ. ಯೇಸುವಿನ ವಿಷಯ ಬಂದರಂತೂ ಮೂರು ದಾರಿ. ಸೆರಪಿನಾಬಾಯಿಗೆ ಅವನು ದೇವರ ಮಗ. ಹಾಜಿರಾಬಿಗೆ ಈಸಾ ದೊಡ್ಡ ಪೈಗಂಬರ, ಆದರೆ ದೇವರಿಗೆ ಮಗನಿಲ್ಲ. ಸಾರಾಬಾಯಿಯ ಪ್ರಕಾರ ಬರಬೇಕಾದವನು ಇನ್ನೂ ಬಂದೇ ಇಲ್ಲ.

ಸೆರಪಿನಾಬಾಯಿಗೆ ಚೇಷ್ಟೆ ಜಾಸ್ತಿ. ಅಬ್ರಹಾಮನ ಹೆಂಡಿರ ಹೆಸರೂ ಸಾರಾ, ಹಾಜಿರಾ ಎಂದೇ, ಸಾರಾ ಹಟ ಹಿಡಿದು ಹಾಜಿರಾಳನ್ನು ಮಗನ ಸಮೇತ ಹೊರಗೆ ಹಾಕಿಸಿದಳು, ನೀವಿಬ್ಬರು ಅದು ಹೇಗೆ ಒಂದೇ ಗೋಡೆಗೆ ಬಾಳುತ್ತೀರೋ ಎಂದು ಕೆಣಕುತ್ತಿದ್ದಳು. ಹಾಗಲ್ಲ, ಅಲ್ಲಾಹನ ಅಪ್ಪಣೆಯಂತೆ ಇಬ್ರಾಹಿಮರೇ ಮರುಭೂಮಿಗೆ ಕರೆದೊಯ್ದರು, ಅಲ್ಲಿ ಜಮ್‌ಜಮ್ ನೀರು ಉಕ್ಕಿತು ಎಂದು ಹಾಜಿರಾಬಿ ತಿದ್ದುತ್ತಿದ್ದಳು. ಆಮೇಲೆ ಮೂವರೂ ನಗುತ್ತಿದ್ದರು.

ಮಗನ ಬದಲು ಟಗರು ಬಂದ ನೆನಪಿನ ಹಬ್ಬ ಬಕ್ರೀದ್. ಅದು ನನ್ನ ದಿನ. ಕುರ್ಬಾನಿಯ ಮಾಂಸದಲ್ಲಿ ಒಂದು ಪಾಲು ಮನೆಗೆ, ಒಂದು ಬಡವರಿಗೆ, ಒಂದು ಬೇಕಾದವರಿಗೆ. ಸೆರಪಿನಾಬಾಯಿಗೆ ಬಿರಿಯಾನಿ ಹೋಗುತ್ತಿತ್ತು. ಸಾರಾಬಾಯಿಗೆ ಮಾತ್ರ ಒಡಹುಟ್ಟಿದವಳಿಗೆ ಕೊಡುವಂತೆ ಹಸಿ ಮಾಂಸದ ಪಾಲು, ಅದೂ ನನ್ನಲ್ಲಿ, ಕಸೂತಿಯ ವಸ್ತ್ರ ಮುಚ್ಚಿಕೊಂಡು. ಕೊಟ್ಟ ಪಾತ್ರೆಯನ್ನು ಖಾಲಿ ಮರಳಿಸಬಾರದಲ್ಲ, ಸಂಜೆ ನನ್ನ ತುಂಬ ಮಲಿದಾ ಬರುತ್ತಿತ್ತು. ಮಲಿದಾ ಎಂದರೆ ಅವಲಕ್ಕಿ, ಕೊಬ್ಬರಿ, ಸಕ್ಕರೆ, ಏಲಕ್ಕಿ. ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಅವರು ಮಾಡುವ ಸಿಹಿ. ಅವಲಕ್ಕಿ ನನ್ನ ಮೈಗೆ ತಾಗದಂತೆ ಸಾರಾಬಾಯಿ ಮೊದಲು ಬಾಳೆಲೆ ಹಾಸುತ್ತಿದ್ದಳು. ನನಗೆ ಅದು ಕೊಂಚ ಚುಚ್ಚುತ್ತಿತ್ತು.

ಹಾಜಿರಾಬಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ತಮ್ಮವರು, ತಮ್ಮ ಪದ್ಧತಿಯಂತೆ ಕೊಯ್ದದ್ದಲ್ಲದೆ ಸಾರಾಬಾಯಿಯ ಮನೆಯಲ್ಲಿ ಮಾಂಸ ನಡೆಯುತ್ತಿರಲಿಲ್ಲ. ಹಾಯಿಮ್ ಕತ್ತಿಯ ಅಲಗನ್ನು ಉಗುರಿನ ಮೇಲೆ ಆಡಿಸಿ, ಒಂದು ಕಚ್ಚೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಕೋಳಿ ಕೊಯ್ಯುತ್ತಿದ್ದರು. ಬಕ್ರೀದಿನ ಪಾಲನ್ನು ಬೇಡವೆಂದರೆ ಗೆಳತಿಗೆ ನೋವು, ಉಂಡರೆ ಧರ್ಮ ಕೆಟ್ಟಿತು. ಅತ್ತ ದರಿ, ಇತ್ತ ಪುಲಿ. ಹಾಗಾಗಿ ಎದುರು ಬಾಗಿಲಿನಿಂದ ಮೆರೆಯುತ್ತ ಒಳಗೆ ಹೋದ ನಾನು ಹಿತ್ತಲ ಬಾಗಿಲಿನಿಂದ ಹೊರಬಿದ್ದು ಸೆರಪಿನಾಬಾಯಿಯ ಮನೆ ಸೇರುತ್ತಿದ್ದೆ. ಅವಳು ಅದನ್ನೂ ಹಾಜಿರಾಬಿಯೇ ತನಗೆ ಕಳಿಸಿದ್ದೆಂದು ತಿಳಿದಿದ್ದಳು. ಮಾಂಸವನ್ನು ಬೇರೆ ಪಾತ್ರೆಗೆ ಸುರಿದುಕೊಂಡು ನನ್ನನ್ನು ತಕ್ಷಣ ಮರಳಿಸುತ್ತಿದ್ದಳು. ತನ್ನ ಹಂದಿಮಾಂಸದ ಗಡಿಗೆಯ ಹತ್ತಿರಕ್ಕೂ ನನ್ನನ್ನು ಬಿಡುತ್ತಿರಲಿಲ್ಲ. ಮರ್ಯಾದಸ್ಥೆ. ಆದರೂ ನನ್ನಂಥವನು ಹಿತ್ತಲಿನಿಂದ ಓಡಾಡುವುದೇ? ನಾಚಿಕೆಯಾಗುತ್ತಿತ್ತು.

ಚಂದ್ರನ ಲೆಕ್ಕದ ಬಕ್ರೀದ್ ವರ್ಷವರ್ಷವೂ ಹಿಂದೆ ಸರಿಯುತ್ತದೆ. ಸರಿಯುತ್ತ ಸರಿಯುತ್ತ ಒಂದು ವರ್ಷ ಅದು ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲದಲ್ಲಿ, ಶುಕ್ರವಾರವೇ ಬಂತು. ಅಂದು ಕ್ಯಾಥೊಲಿಕರಿಗೆ ಮಾಂಸ ವರ್ಜ್ಯ. ಸಾರಾಬಾಯಿಗೆ ಅದು ಹೊಳೆಯಲೇ ಇಲ್ಲ. ಹೊತ್ತು ಮುಳುಗಿದರೆ ಅವಳ ಸಬ್ಬತ್ ಶುರು, ಅಷ್ಟರಲ್ಲಿ ಅಡುಗೆ ಮುಗಿಯಬೇಕು. ಆ ಗಡಿಬಿಡಿಯಲ್ಲಿ ನನ್ನನ್ನು ಸೆರಪಿನಾಬಾಯಿಯ ಹಿತ್ತಲ ಕಟ್ಟೆಯ ಮೇಲಿಟ್ಟು ಓಡಿದಳು. ಚರ್ಚಿನಿಂದ ಬಂದ ಸೆರಪಿನಾಬಾಯಿ ನನ್ನನ್ನು ಎತ್ತಿಕೊಂಡು ನೇರವಾಗಿ ಹಾಜಿರಾಬಿಯ ಎದುರು ಬಾಗಿಲಿಗೆ ಬಂದಳು.

"ನಮಗೆ ಇವತ್ತು ಮಾಂಸ ಆಗುವುದಿಲ್ಲ ಹಾಜಿರಾಬಾಯಿ, ಬಿರಿಯಾನಿಯೂ ಬೇಡ, ಬೇಜಾರು ಮಾಡಬೇಡಿ. ಪ್ರತಿ ವರ್ಷ ನೀವು ಸಾರಾಬಾಯಿ ಕೈಯಲ್ಲಿ ಕಳಿಸಿದ್ದನ್ನು ನಾವು ಸಂತೋಷದಿಂದ ತಿಂದಿದ್ದೇವಲ್ಲ" ಎಂದಳು.

ಪರಾತ ಖಾಲಿ ಮರಳುವುದು ಅವಮಾನ. ತುಂಬಿಕೊಟ್ಟದ್ದು ತುಂಬಿದ ಹಾಗೇ ಮರಳುವುದು ಅದಕ್ಕಿಂತ ದೊಡ್ಡ ಅವಮಾನ. ಹಾಜಿರಾಬಿ ನನ್ನನ್ನು ಹೊತ್ತು ಸಾರಾಬಾಯಿಯ ಹೊಸ್ತಿಲಿಗೆ ಹೋದಳು.

"ನಿನ್ನ ಮನಿ ಕೋಳಿ ನಾ ಉಂಡೇನಿ. ನೀವೂ ದೇವರ ಕಿತಾಬು ಇದ್ದ ಮಂದಿ, ನಿಮ್ಮ ಊಟ ನಮಗ ನಡೀತೈತಿ ಅಂತ ನಂಬಿ ಉಂಡೇನಿ" ಎಂದಳು.

"ನಮಗ ಹಂಗ ನಡಿಯೂದಿಲ್ಲ ಹಾಜಿರಾ. ನೀ ಅಕ್ಕರತಿಲೆ ತಂದಿದ್ದಿ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ."

"ಒಮ್ಮೆ ಸಾರಾ ಹಾಜಿರಾನ್ನ ಹೊರಗ ಹಾಕಿದ್ಲಂತ. ಅದಕ್ಕ ನಾ ನಗತಿದ್ದೆ. ನೀ ವರ್ಷಾ ವರ್ಷಾ ಹಿತ್ತಲ ಬಾಗಲದಿಂದ ಹಾಕೀದಿ."

ಹಾಜಿರಾಬಿ ನನ್ನನ್ನು ಹೊತ್ತು ಮನೆಗೆ ಮರಳಿದಳು. ಮಾಂಸ ಬಡವರ ಪಾಲಿಗೆ ಸೇರಿತು. ನನ್ನನ್ನು ತೊಳೆದು ಪಡಸಾಲೆಯ ಗೋಡೆಗೆ ಒರಗಿಸಿದರು.

ಮರುದಿನ ಶನಿವಾರ. ಸಬ್ಬತ್ತಿನಂದು ಸಾರಾಬಾಯಿ ಬೆಂಕಿ ಹಚ್ಚುವಂತಿಲ್ಲ. ಮೊದಲಿನಿಂದಲೂ ಶನಿವಾರ ಬೆಳಗ್ಗೆ ಹಾಜಿರಾಬಿಯೇ, ಯಾರೂ ಕೇಳದೆ, ಹೋಗಿ ಒಲೆ ಹಚ್ಚಿ ಬರುತ್ತಿದ್ದಳು. ಅಂದು ಬಿಸಿಲೇರಿದರೂ ಆ ಮನೆಯಿಂದ ಹೊಗೆ ಏಳಲಿಲ್ಲ. ಹಾಜಿರಾಬಿ ಎರಡು ಸಲ ಹೊರಗೆ ಬಂದಳು, ಎರಡು ಸಲ ಒಳಗೆ ಹೋದಳು. ಮೂರನೆಯ ಸಲ ಕಡ್ಡಿಪೆಟ್ಟಿಗೆ ಹಿಡಿದು ಹೋದಳು. ಒಲೆ ಹಚ್ಚಿ ಹೊರಬರುವಾಗ ಹೊಸ್ತಿಲಲ್ಲಿ ನಿಂತು, "ಸಿಟ್ಟು ನಿನ್ನ ಮ್ಯಾಲೈತಿ, ನಿನ್ನ ಒಲಿ ಮ್ಯಾಲಲ್ಲ" ಎಂದಳು. ನನ್ನ ಒಡತಿಯ ಬಗ್ಗೆ ನನಗೆ ಅಂದು ಬಂದಷ್ಟು ಹೆಮ್ಮೆ ಹಿಂದೆ ಎಂದೂ ಬಂದಿರಲಿಲ್ಲ.

ಆದರೂ ಆ ವರ್ಷವೆಲ್ಲ ನನ್ನ ಸುತ್ತ ಇಬ್ಬರೂ ಒಟ್ಟಿಗೆ ಕೂರಲಿಲ್ಲ. ಮುಂದಿನ ಬಕ್ರೀದಿಗೆ ಹಾಜಿರಾಬಿ ನನ್ನಲ್ಲಿ ಕಾಲು ಕಟ್ಟಿದ ಜೀವಂತ ಹುಂಜವನ್ನು ಕೂರಿಸಿದಳು. ದಾರಿಯುದ್ದಕ್ಕೂ ಅದು ನನ್ನ ಕಲಾಯಿ ಕೆರೆಯಿತು, ನಾನು ಸಹಿಸಿಕೊಂಡೆ. "ನಿಮ್ಮ ಕತ್ತಿ, ನಿಮ್ಮ ಕೈ. ಪಾಲು ಮಾತ್ರ ನಂದು" ಎಂದು ಅವಳು ಅದನ್ನು ಹಾಯಿಮರಿಗೆ ಒಪ್ಪಿಸಿದಳು. ಸಂಜೆ ನಾನು ಮಲಿದಾ ಹೊತ್ತು ಮರಳಿದೆ. ಬಾಳೆಲೆ ಅಂದೂ ಇತ್ತು. ನಾನು ಹೊರುವ ಮಾಂಸ ಅವರ ಪದ್ಧತಿಯದಲ್ಲ, ಅದಕ್ಕೇ ಎಲೆ ಎಂದು ಈಗ ತಿಳಿದಿತ್ತು, ಚುಚ್ಚಲಿಲ್ಲ.

ಕೆಲವು ವರ್ಷಗಳಾದ ಮೇಲೆ ಹಾಯಿಮ್ ತೀರಿಕೊಂಡರು. ಅವರ ಪದ್ಧತಿಯಂತೆ ಕೊಯ್ಯಬಲ್ಲವರು ಊರಿನಲ್ಲಿ ಯಾರೂ ಉಳಿಯಲಿಲ್ಲ. ಸಾರಾಬಾಯಿ ಮಾಂಸವನ್ನೇ ಬಿಟ್ಟಳು. ಆ ಬಕ್ರೀದಿನ ಬೆಳಗ್ಗೆ ಹಾಜಿರಾಬಿ ನನ್ನನ್ನು ಒರೆಸಿ ಪಕ್ಕಕ್ಕಿಟ್ಟು ಕುಳಿತಳು. ಇನ್ನು ನನಗೆ ಆ ಮನೆಯ ದಾರಿ ಮುಗಿಯಿತು ಎಂದುಕೊಂಡೆ. ಅವಳು ಎದ್ದು ಬಾಳೆಲೆ ತಂದು, ತನ್ನ ಕೈಯಾರೆ ನನ್ನ ಮೇಲೆ ಹಾಸಿದಳು. ಅದರ ಮೇಲೆ ಒಣ ಅವಲಕ್ಕಿ, ಒಡೆಯದ ತೆಂಗಿನಕಾಯಿ, ಖರ್ಜೂರ. ಟಗರಿನ ತೊಡೆಗಳನ್ನು ಲೀಲಾಜಾಲವಾಗಿ ಹೊತ್ತವನು ನಾನು. ಆ ಅವಲಕ್ಕಿಯಷ್ಟು ಭಾರವಾದದ್ದನ್ನು ಎಂದೂ ಹೊತ್ತಿಲ್ಲ.

ಈಗ ನನ್ನ ಕಲಾಯಿ ಹೋಗಿದೆ, ಒಂದು ಹಿಡಿಕೆ ಸಡಿಲವಾಗಿದೆ. ವರ್ಷವಿಡೀ ಅಡುಗೆಮನೆಯ ಮೂಲೆಯಲ್ಲಿ ಒಣಮೆಣಸಿನಕಾಯಿ ಕಾಯುತ್ತೇನೆ. ಮಗ ಯಾರೆಂಬ ವಾದ ಇನ್ನೂ ಮುಗಿದಿಲ್ಲ. ಮೂವರು ಮುದುಕಿಯರೂ ಬಿಟ್ಟುಕೊಟ್ಟಿಲ್ಲ. ಯಾರೇ ಆಗಲಿ, ಆ ಮಗ ಉಳಿದ ಎಂಬ ಸಂತೋಷವನ್ನು ಮನೆಮನೆಗೆ ಹೊತ್ತವನು ನಾನು. ಮೊನ್ನೆ ಹಾಜಿರಾಬಿಯ ಸೊಸೆ ನನ್ನನ್ನು ಹಳೆ ಪಾತ್ರೆ ಕೊಳ್ಳುವ ಮೋಡಕಾದವನಿಗೆ ಕೊಡಲು ಎತ್ತಿಕೊಂಡಳು. ಹಾಸಿಗೆಯ ಮೇಲಿಂದಲೇ ಹಾಜಿರಾಬಿ ಹೇಳಿದಳು:

"ಇಡು ಅದನ್ನ. ಬಕ್ರೀದಿಗೆ ಸಾರಾನ ಮನಿಗೆ ಹೋಗೂದೈತಿ. ಎದುರ ಬಾಗಲದಿಂದ."