ಹಾಸಿಗೆ ನಡುವಿನ ದಿಬ್ಬ

ಕಾಲ ಬುಡದಲ್ಲಿ ಬೆಡ್‌ಶೀಟು ಸಡಿಲಾಗಿ ಹಿಮ್ಮಡಿಗೆ ತಣ್ಣಗೆ ಗಾಳಿ ತಾಗಿತು, ಅಂದರೆ ಅಮ್ಮ ಎದ್ದಾಗಿದೆ, ಸ್ನಾನವೂ ಆಗಿದೆ, ಸೋಪಿನ ವಾಸನೆ — ಈ ಹೋಟೆಲಿನ ಚಿಕ್ಕ ಸೋಪು, ಬಿಸ್ಕತ್ತಿನಷ್ಟೇ ದಪ್ಪ, ಎರಡನ್ನು ಆಗಲೇ ಬ್ಯಾಗಿಗೆ ಸೇರಿಸಿದ್ದಾಳೆ — ಈಗ ನಾನು ಮಲಗಿರುವ ಹಾಸಿಗೆಯನ್ನೇ ಹೊಸದಾಗಿ ಹಾಸಲು ಹೊರಟಿದ್ದಾಳೆ, ಅದರಲ್ಲಿ ನಾನಿನ್ನೂ ಇದ್ದೇನೆ ಅನ್ನುವುದು ಅವಳಿಗೆ ಒಂದು ಲೆಕ್ಕವೇ ಅಲ್ಲ. ಏಳೇ ಪುಟ್ಟಿ, ಎಂಟೂವರೆ ಆಯ್ತು, ಹತ್ತೂವರೆಗೆ ಅವರು ಬರ್ತಾರೆ, ಹನ್ನೊಂದಕ್ಕೆ ಕೋಣೆ ಖಾಲಿ ಮಾಡ್ಬೇಕು. ನಾನು ಕಣ್ಣು ತೆರೆಯುವುದಿಲ್ಲ, ಉಸಿರನ್ನು ನಿದ್ದೆಯವರ ಹಾಗೆ ನಿಧಾನವಾಗಿ ಒಳಗೆ, ಹೊರಗೆ. ನಿನ್ನ ನಾಟಕ ನಂಗೊತ್ತಿಲ್ವಾ, ಇಪ್ಪತ್ತೊಂದು ವರ್ಷ ಮಲಗಿದವರನ್ನೇ ನೋಡಿದೀನಿ, ರೆಪ್ಪೆ ನೋಡಿದ್ರೆ ಸಾಕು ಯಾರದ್ದು ನಿಜದ ನಿದ್ದೆ ಯಾರದ್ದು ಕಳ್ಳನಿದ್ದೆ ಅಂತ, ಇರ್ಲಿ, ಮಲ್ಕೊಂಡೇ ಇರು, ನಿನ್ನ ಸಮೇತ ಹಾಸ್ತೀನಿ. ಹೊರಡುವ ದಿನ ಯಾರಾದರೂ ಹೋಟೆಲಿನ ಹಾಸಿಗೆ ಹಾಸುತ್ತಾರಾ, ನಾವು ಹೋದ ಮರುಗಳಿಗೆ ಅದನ್ನೆಲ್ಲ ಕಿತ್ತು ಒಗೆಯಲು ಹಾಕುತ್ತಾರೆ, ಆದರೆ ಅಮ್ಮನಿಗೆ ಇದು ಮರ್ಯಾದೆಯ ಪ್ರಶ್ನೆ, ನಿನ್ನೆ ಇಲ್ಲಿ ಕೋಣೆ ಶುಚಿ ಮಾಡುವಾಕೆ ಹೊಸ ಬೆಡ್‌ಶೀಟು ಕೈಗೇ ಕೊಟ್ಟು ಹೇಳಿದ್ದಾಳಲ್ಲ, ನಾಳೆ ನೀವೇ ಹಾಕಿಡಿ ಅಕ್ಕ, ನಾನು ಬಂದು ನೋಡಿ ಕಲೀತೀನಿ ಅಂತ, ಪಾಪ, ಅವಳಿಗೇನು ಗೊತ್ತು, ಅಮ್ಮನಿಗೆ ಅಂಥ ಮಾತು ಒಂದು ಸಿಕ್ಕರೆ ಊಟ ಬೇಡ.

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಏಳಲಾರದವರ ವಾರ್ಡಿನಲ್ಲಿ, ಅಮ್ಮನ ಕೆಲಸವೇ ಇದು, ಮಲಗಿದವರನ್ನು ಎಬ್ಬಿಸದೆ ಹಾಸಿಗೆ ಬದಲಿಸುವುದು — ಚಿಕ್ಕವಳಿದ್ದಾಗ ರಜೆಯಲ್ಲಿ ಬಟ್ಟೆಕೋಣೆಯ ಸ್ಟೂಲಿನ ಮೇಲೆ ಕೂತು ಬಾಗಿಲ ಸಂದಿನಿಂದ ನೋಡುತ್ತಿದ್ದೆ — ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಅವರನ್ನು ಆ ಮಗ್ಗುಲಿಗೆ ತಿರುಗಿಸುತ್ತಾಳೆ, ಹಳೆಯ ಬೆಡ್‌ಶೀಟನ್ನು ಅವರ ಬೆನ್ನಿನವರೆಗೆ ಸುತ್ತುತ್ತಾ ಬರುತ್ತಾಳೆ, ಬರಿದಾದ ಅರ್ಧಕ್ಕೆ ಹೊಸದನ್ನು ಹಾಸಿ ಅದರ ಉಳಿದರ್ಧವನ್ನೂ ಸುತ್ತಿ ಅದೇ ಬೆನ್ನಿಗೆ ಒತ್ತಿ ಇಡುತ್ತಾಳೆ, ಈಗ ಹಾಸಿಗೆಯ ನಟ್ಟನಡುವೆ ಬಟ್ಟೆಯ ಒಂದು ದಿಬ್ಬ, ಆಮೇಲೆ ಅವಳ ಆ ದನಿ, ಮನೆಯಲ್ಲಿ ಎಂದೂ ಕೇಳಿಸದ ಮೆತ್ತನೆಯ ದನಿ, ಈಗ ಈ ಕಡೆ ಹೊರಳಿ, ನಡುವೆ ಒಂದು ದಿಬ್ಬ ಸಿಗುತ್ತೆ, ಹೆದರ್ಬೇಡಿ, ದಾಟಿದ್ರೆ ಆಯ್ತು. ಅವರು ಹೊರಳುತ್ತಾರೆ, ಒಂದು ಕ್ಷಣ ಆ ದಿಬ್ಬದ ಮೇಲೆ ಸಿಕ್ಕಿಕೊಂಡವರಂತೆ ಕಣ್ಣು ಅಗಲಿಸುತ್ತಾರೆ, ಅಷ್ಟರಲ್ಲಿ ಆಚೆ. ಮುಖ ಆ ಕಡೆ ತಿರುಗಿಸಿಬಿಟ್ರೆ ಎಲ್ರೂ ಮಾತಾಡ್ತಾರೆ ಕಣೇ, ಎದುರಿಗೆ ತುಟಿ ಹೊಲ್ಕೊಂಡಿರೋರೂ ಗೋಡೆ ನೋಡ್ತಾ ಎಲ್ಲ ಹೇಳ್ಬಿಡ್ತಾರೆ, ಒಬ್ಬರು ಮೇಷ್ಟ್ರು, ಹೆಂಡ್ತಿಗೆ ಬರೀಬೇಕು ಅಂತಿದ್ದ ಕಾಗದಾನೆಲ್ಲ ನಂಗೆ ಬಾಯಲ್ಲೇ ಓದಿದ್ರು, ನಾನು ದಿಂಬಿನ ಚೀಲ ಬದಲಾಯಿಸ್ತಾ ಹೂಂ ಹೂಂ ಅಂದೆ. ಅಮ್ಮ ಇದನ್ನು ಹೇಳಿ ನಕ್ಕಾಗ ನಾನು ನಗಲಿಲ್ಲ, ಡೈರಿಯಲ್ಲಿ ಬರೆದುಕೊಂಡೆ, ನನಗೆ ನಗುವುದಕ್ಕಿಂತ ಬರೆದುಕೊಳ್ಳುವುದು ಸುಲಭ, ಬಸ್ಸಿನಲ್ಲಿ ಇಳೀಬೇಕು ಅಂತ ಕೂಗಲಾರದೆ ಎರಡು ಸ್ಟಾಪು ಮುಂದೆ ಹೋಗಿ ಹಿಂದಕ್ಕೆ ನಡೆದು ಬಂದವಳು ನಾನು, ಪದವಿಯ ಮೌಖಿಕ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಕೂತುಬಿಟ್ಟಾಗ ಪರೀಕ್ಷಕರು ನೀರು ತರಿಸಿಕೊಟ್ಟರು, ನೀರು ಕುಡಿದೆ, ಥ್ಯಾಂಕ್ಸ್ ಸರ್ ಅಂದೆ, ಅವತ್ತು ನಾನು ಆಡಿದ್ದು ಅದೊಂದೇ ಮಾತು.

ಅಮ್ಮ ಕೇಳಿದ್ದು ಬಂದ ಸಂಜೆಯೇ, ಈ ಹೋಟೆಲ್ ಕೋಣೆಯ ಬೆಂಕಿಯೇ ಕಾಣದ ಕರೆಂಟ್ ಒಲೆಯ ಮುಂದೆ ನಿಂತು — ಇದು ಉರೀತಿದೆಯೋ ಸತ್ತಿದೆಯೋ ಹೇಗೆ ಗೊತ್ತಾಗೋದು ಅಂತ ಅದರ ಮೇಲೆ ಅಂಗೈ ಹಿಡಿದು, ಹಾಲು ಉಕ್ಕುವವರೆಗೂ ನಂಬದೆ — ಸಿಂಕಿನ ಕಡೆ ಮುಖ ಮಾಡಿ ಲೋಟ ತೊಳೆಯುತ್ತಾ, ನಮ್ಮಾಸ್ಪತ್ರೆಗೆ ಲಿಫ್ಟ್ ರಿಪೇರಿಗೆ ಬರ್ತಾರಲ್ಲ, ಆ ಲಿಫ್ಟ್‌ನವರು ಕೇಳಿದಾರೆ ಕಣೇ, ನನ್ನ, ಮದುವೆ ಅಂತ ದೊಡ್ಡದೇನಿಲ್ಲ, ಒಂದು ಸಹಿ, ಇಲ್ಲೇ ಇರೋದು, ಇಲ್ಲಿ ಆಸ್ಪತ್ರೇಲೂ ಕೆಲಸಕ್ಕೆ ತಗೋತಾರಂತೆ, ಅವರ ಮನೇಲಿ ನಿಂಗೊಂದು ಕೋಣೆ ಇದೆ, ಬರೋದಾದ್ರೆ ಬಾ, ಒಬ್ಬಳೇ ಅಲ್ಲೇ ಇರ್ತೀನಿ ಅಂದ್ರೂ ಸರಿ, ಆದ್ರೆ ನೀನು ಹೂಂ ಅಂದ್ರೆ ಮಾತ್ರ, ಹೊರಡೋ ದಿನ ಅವರಿಗೆ ಹೇಳ್ತೀನಿ ಅಂದಿದೀನಿ, ನೀನು ಏನೂ ಹೇಳ್ದೇ ಹೋದ್ರೆ ಬೇಡ ಅಂತಲೇ ತಿಳ್ಕೋತೀನಿ, ಬೇಜಾರೇನಿಲ್ಲ. ಲೋಟ ಎಷ್ಟೋ ಹೊತ್ತಿನ ಮುಂಚೆಯೇ ತೊಳೆದಾಗಿತ್ತು, ನೀರು ಸುಮ್ಮನೆ ಹರಿಯುತ್ತಿತ್ತು. ಊರು ನೋಡಿ ಬರೋಣ ಅಂತ ಕರೆತಂದದ್ದು ಇದಕ್ಕೇ. ಅಪ್ಪ ಸತ್ತಾಗ ನನಗೆ ಆರು, ಅಂದಿನಿಂದ ಮನೆಯಲ್ಲಿ ಎರಡು ಮಂಚ ಜೋಡಿಸಿ ಮಲಗುತ್ತೇವೆ, ಮಧ್ಯದ ಸಂದಿಗೆ ಒಂದು ಹಳೆಯ ಕಂಬಳಿ ತುರುಕಿ, ಆ ಕಡೆಯಿಂದ ಅವಳ ಮೊಣಕೈ, ಈ ಕಡೆಯಿಂದ ನನ್ನ ಪುಸ್ತಕ, ಹದಿನೇಳು ವರ್ಷ, ಅದಕ್ಕೆ ನಾನು ಏನೂ ಹೆಸರಿಟ್ಟಿರಲಿಲ್ಲ, ಮುಗಿಯಬಹುದು ಅಂದಾಗ ಹೆಸರಿಡಬೇಕು ಅನ್ನಿಸಿತು. ಹಾಲು ಉಕ್ಕಿತು. ಅಯ್ಯೋ ಉರೀತಾನೇ ಇತ್ತಲ್ಲೇ ಇದು, ಅಂದಳು ಅಮ್ಮ.

ಹೆಗಲ ಮೇಲೆ ಅವಳ ಕೈ ಬಿತ್ತು, ಇನ್ನೊಂದು ಸೊಂಟದ ಮೇಲೆ, ಬಿಸಿ, ಗಟ್ಟಿ, ಹೊರಳು ಆ ಕಡೆ — ಹೊರಳಿದೆ, ಕಳ್ಳನಿದ್ದೆಯವರೂ ಹೊರಳುತ್ತಾರೆ — ಈಗ ನನ್ನ ಮುಖದ ಮುಂದೆ ಕಿಟಕಿ, ಒಂದು ಗೇಣಷ್ಟೇ ತೆರೆಯುವ ಕಿಟಕಿ, ಅದರಾಚೆ ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರದೋ ಒದ್ದೆ ಅಂಗಿ ಒಂದೇ ತೋಳಿನಿಂದ ಜೋತಾಡುತ್ತಿದೆ. ಬೆನ್ನ ಹಿಂದೆ ಸರಸರ, ಹಳೆಯದನ್ನು ಸುತ್ತುತ್ತಿದ್ದಾಳೆ. ಮೊನ್ನೆ ರಾತ್ರಿ ಒಂದು ಚೀಟಿ ಬರೆದಿದ್ದೆ, ಹೋಟೆಲಿನ ಚೀಟಿ ಪುಸ್ತಕದ ಹಾಳೆಯಲ್ಲಿ, ಅಮ್ಮ ನನಗೆ ಒಪ್ಪಿಗೆ, ಇಷ್ಟೇ, ಬರೆಯುವುದಕ್ಕೆ ಅರ್ಧ ರಾತ್ರಿ ಬೇಕಾಯಿತು, ನಿನ್ನೆ ಬೆಳಿಗ್ಗೆ ಅವಳು ಹಾಸಿಗೆ ಹಾಸಿ ಕೈತೊಳೆಯಲು ಹೋದಾಗ ಅವಳ ದಿಂಬಿನ ಕೆಳಗೆ ತಳ್ಳಿದೆ, ಸುತ್ತಾಡಿ ಬಂದು ಮಲಗುವಾಗ ಸಿಗಲಿ ಅಂತ. ಸುತ್ತಾಡಿ ಬಂದರೆ ಬಾಗಿಲೇ ತೆರೆಯಲಿಲ್ಲ, ಬೀಗದ ಕಾರ್ಡು ಹಚ್ಚಿದರೆ ಕೆಂಪು ದೀಪ, ಮತ್ತೆ ಹಚ್ಚಿದರೆ ಮತ್ತೆ ಕೆಂಪು, ಕೆಳಗೆ ಹೋದರೆ ಮೇಜಿನ ಹಿಂದಿನವನು ನಮ್ಮನ್ನೇ ದೆವ್ವ ನೋಡಿದ ಹಾಗೆ ನೋಡಿದ, ನೀವು ಖಾಲಿ ಮಾಡಿ ಹೋದ್ರಿ ಅಂದ್ಕೊಂಡ್ವಿ ಮೇಡಂ, ನಿಮ್ಮ ಬ್ಯಾಗು ಬೀರೂಲಿತ್ತಂತೆ, ಮರೆತು ಹೋಗಿದಾರೆ ಅಂತ ಇಲ್ಲಿ ತೆಗೆದಿಟ್ಟಿದೀವಿ, ಹಾಸಿಗೆ ಮೇಲೆ ಯಾರೂ ಮಲಗಿದ ಹಾಗೇ ಇರ್ಲಿಲ್ವಂತೆ, ಲೋಟ ತಟ್ಟೆ ಎಲ್ಲ ಮುಟ್ಟದ ಹಾಗಿತ್ತಂತೆ. ಅಮ್ಮನ ಮುಖ ನೋಡಬೇಕಿತ್ತು, ಬಯ್ಯುತ್ತಾಳೆ ಅಂತ ನಾನು ಮುದುರಿಕೊಂಡರೆ ಅವಳು ಬಹುಮಾನ ಬಂದವಳ ಹಾಗೆ, ಇನ್ನೊಮ್ಮೆ ಹೇಳಿ, ಯಾರೂ ಮಲಗಿದ ಹಾಗೇ ಇರ್ಲಿಲ್ವಾ. ಶುಚಿ ಮಾಡುವಾಕೆ ಓಡಿ ಬಂದಳು, ಕೈಯಲ್ಲಿ ಇನ್ನೂ ಬುರುಬುರು ನೊರೆ, ತಪ್ಪಾಯ್ತು ಅಕ್ಕ, ಹದಿನಾಲ್ಕು ಕೋಣೆ ಒಬ್ಬಳೇ ನೋಡ್ಕೋತೀನಿ, ಜನ ಹಾಸಿಗೇನ ಗುಬ್ಬಚ್ಚಿ ಗೂಡು ಮಾಡಿಟ್ಟಿರ್ತಾರೆ, ನಿಮ್ಮದು ನೋಡಿ ನಂಗೇ ಅನುಮಾನ ಬಂತು, ನಾನೇ ಹಾಸಿ ಮರೆತಿದೀನಾ ಅಂತ. ಆಮೇಲೆ ಇಬ್ಬರೂ ಕೋಣೆಯಲ್ಲಿ ಹಾಸಿಗೆಯ ಮೂಲೆ ಹಿಡಿದು ಅರ್ಧ ಗಂಟೆ, ಇಲ್ಲಿ ಮಡಚಿ ಇಲ್ಲಿ ತುರುಕು, ಅಯ್ಯೋ ಅಕ್ಕ ಇನ್ನೊಂದ್ಸಲ ತೋರಿಸಿ. ದಿಂಬಿನ ಕೆಳಗೆ ಏನಾದರೂ ಕಾಗದ ಇತ್ತಾ ಅಂತ ಅವಳನ್ನು ಕೇಳುವುದಕ್ಕೆ ನಾನು ಎರಡು ಸಲ ಬಾಯಿ ತೆರೆದೆ, ಕಸವೆಲ್ಲ ಆಗಲೇ ಕೆಳಗೆ ಹೋಯ್ತು ಅಂತ ಅವಳೇ ಯಾವುದೋ ಮಾತಿಗೆ ಅಂದಳು, ಮತ್ತು ನನಗೆ ಹಗುರಾಯಿತು, ಇದನ್ನು ಡೈರಿಯಲ್ಲಿ ಕೂಡ ಬರೆದಿಲ್ಲ, ಚೀಟಿ ಹೋಯಿತಲ್ಲ ಅಂತ ನನಗೆ ಹಗುರಾಯಿತು, ಇನ್ನೊಂದು ರಾತ್ರಿ ಏನೂ ಬದಲಾಗುವುದಿಲ್ಲ ಅಂತ.

ಅವರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು. ಈ ಊರಿನಿಂದ ತಿಂಗಳಿಗೊಮ್ಮೆ ನಮ್ಮೂರ ಆಸ್ಪತ್ರೆಗೆ ಲಿಫ್ಟ್ ನೋಡಲು ಬರುತ್ತಿದ್ದವರು, ಬಟ್ಟೆಗಾಡಿ ಹಿಡಿದು ಕಾಯುತ್ತಿದ್ದ ಅಮ್ಮನಿಗೆ ಹೆಸರು ಕೇಳದೆ ಮೂರನೇ ಮಹಡಿಯವರೇ ಅಂತ ಕರೆದು ಕರೆದು ಅದೇ ಹೆಸರಾಗಿಹೋಯಿತು, ಈಗಲೂ ಅದೇ, ಮೂರನೇ ಮಹಡಿಯವರೇ ಚಹಾ ಚೆನ್ನಾಗಿದೆ. ನಿನ್ನೆ ಸಂಜೆ ಚಹಾಕ್ಕೆ ಮೇಲೆ ಬಂದಾಗ ಲೋಟ ಎರಡೇ, ಗೋಡೆಗೆ ಅಂಟಿಸಿದ ಕೋಣೆಯ ಸಾಮಾನಿನ ಪಟ್ಟಿಯಲ್ಲೇ ಇದೆ, ತಟ್ಟೆ ಎರಡು, ಲೋಟ ಎರಡು, ಚಮಚ ಎರಡು, ಬಟ್ಟಲು ಒಂದು, ಅವರು ಬಟ್ಟಲನ್ನೇ ಎರಡೂ ಕೈಯಲ್ಲಿ ಎತ್ತಿ ಸೊರ್ ಅಂತ ಕುಡಿದರು, ಲಿಫ್ಟಿನ ಗುಂಡಿಯೊಳಗೆ ಕೂತು ಸ್ಪ್ಯಾನರ್ ಡಬ್ಬಿ ಮುಚ್ಚಳದಲ್ಲೂ ಕುಡಿದಿದೀನಿ ಬಿಡಿ ಅಂತ. ಎತ್ತರದ ಗೋಪುರಕ್ಕೆ ಕರೆದುಕೊಂಡು ಹೋದಾಗ ಎಲ್ಲರೂ ಗಾಜಿನಾಚೆ ಊರು ನೋಡುತ್ತಿದ್ದರೆ ಅವರು ಲಿಫ್ಟಿನ ಬಾಗಿಲಿಗೆ ಅಂಗೈ ಒತ್ತಿ, ಇದಕ್ಕೆ ಸ್ವಲ್ಪ ಕೆಮ್ಮಿದೆ, ಅಂದರು, ನನಗೆ ನಗು ಬಂತು, ಜೋರಾಗಿಯೇ ಬಂತು, ಅಮ್ಮ ತಿರುಗಿ ನನ್ನನ್ನು ನೋಡಿದ ರೀತಿ — ಆಸೆ ಕಾಣದ ಹಾಗೆ ಎಷ್ಟು ಬೇಗ ಮುಖ ಆಚೆ ಮಾಡಿದಳು. ನೀವು ಡೈರಿ ಬರೀತೀರಂತೆ, ಅಂತ ಕೇಳಿದರು ನನ್ನನ್ನು, ಬಹುವಚನ ಬಿಡದೆ, ನಾನೂ ಬರೀತೀನಿ, ಲಿಫ್ಟ್‌ಗಳದ್ದು, ಯಾವತ್ತು ನಿಂತಿತು ಯಾಕೆ ನಿಂತಿತು ಅಂತ, ನನ್ನ ಬಗ್ಗೆ ಬರೆದ್ರೆ ಒಳ್ಳೇದೇ ಬರೀಬೇಕು ಅಂತೇನಿಲ್ಲ. ಬರೆದೆ, ಬಟ್ಟಲಿನಲ್ಲಿ ಚಹಾ ಕುಡಿಯುತ್ತಾರೆ, ಅಂತ.

ಹಿಂದೆ ಸರಸರ ನಿಂತಿದೆ, ಈಗ ಹೊಸದನ್ನು ಕೊಡವಿದ ಸದ್ದು, ಅದರ ಗಾಳಿಗೆ ಕುತ್ತಿಗೆಯ ಕೂದಲು ಹಾರಿತು, ಅರ್ಧ ಹಾಸಿಯಾಯಿತು, ಮೂಲೆ ಮಡಚಿಯಾಯಿತು, ಉಳಿದದ್ದನ್ನು ಸುತ್ತಿ ನನ್ನ ಬೆನ್ನಿಗೆ ತಂದು ಒತ್ತಿದಳು, ದಿಬ್ಬ. ಹತ್ತೂವರೆಗೆ ಅವರು ಕೆಳಗೆ ಬಂದು ನಿಲ್ಲುತ್ತಾರೆ, ಅಮ್ಮ ನಗುನಗುತ್ತಲೇ ಬೇಡ ಅನ್ನುತ್ತಾಳೆ, ಅವಳಿಗೆ ನೋವಿನವರೆದುರು ನಗುವುದು ಗೊತ್ತು, ಮತ್ತೆ ರೈಲು, ಮತ್ತೆ ಎರಡು ಮಂಚ, ಸಂದಿಗೆ ಕಂಬಳಿ, ನಾನು ಗೆದ್ದಂತಾಗುತ್ತದೆ, ಒಂದು ಮಾತೂ ಆಡದೆ. ಒದ್ದೆ ಅಂಗಿಯ ತೋಳು ಗಾಳಿಗೆ ಎದ್ದು ಬಿತ್ತು. ಗೋಡೆ ನೋಡ್ತಾ ಎಲ್ಲ ಹೇಳ್ಬಿಡ್ತಾರೆ. ನನ್ನ ಮುಖ ಅವಳಿಗೆ ಕಾಣುತ್ತಿಲ್ಲ, ಅವಳದು ನನಗೆ ಕಾಣುತ್ತಿಲ್ಲ, ಇನ್ನೆಂದೂ ಹೀಗೆ ಸಿಗುವುದಿಲ್ಲ — ಅಮ್ಮ, ಅಂದೆ. ಹೂಂ. ಅವರು ಬಂದಾಗ, ಹೂಂ ಅಂತ ಹೇಳು. ಬೆನ್ನ ಮೇಲಿದ್ದ ಕೈ ನಿಂತಿತು. ಕಿಟಕಿಯಾಚೆ ಯಾವುದೋ ಗಾಡಿ ಹಿಂದಕ್ಕೆ ಬರುತ್ತಿರುವ ಟೀಂ ಟೀಂ. ಕೈ ಅಲ್ಲೇ ಇದೆ, ಹೆಗಲೆಲುಬಿನ ಮೇಲೆ, ಐದೂ ಬೆರಳು ಎಣಿಸುವಷ್ಟು ಹೊತ್ತು. ನಾನೂ ಬರ್ತೀನೋ ಇಲ್ವೋ ಗೊತ್ತಿಲ್ಲ, ಅದನ್ನ ಆಮೇಲೆ ಹೇಳ್ತೀನಿ, ಆದ್ರೆ ನೀನು ಹೂಂ ಅನ್ನು, ಇನ್ನೊಂದು ಲೋಟ ತಗೋಳ್ಳೋಕೆ ಹೇಳು. ಮೂಗು ಎಳೆದುಕೊಂಡ ಸದ್ದು, ಅವಳದೋ ನನ್ನದೋ, ಆಮೇಲೆ ದನಿ, ಮೂರನೇ ಮಹಡಿಯ ಆ ಮೆತ್ತನೆಯ ದನಿ, ಮನೆಯಲ್ಲಿ ಹದಿನೇಳು ವರ್ಷ ನನಗೆ ಸಿಗದ್ದು, ಈಗ ಈ ಕಡೆ ಹೊರಳಿ, ಅಂದಳು ಅಮ್ಮ ನನಗೆ, ಹೊರಳು ಅಲ್ಲ, ಹೊರಳಿ ಅಂದಳು, ತಪ್ಪಿ ಅಂದದ್ದು ಅವಳಿಗೇ ಗೊತ್ತಾಗಲಿಲ್ಲ, ನಡುವೆ ಒಂದು ದಿಬ್ಬ ಸಿಗುತ್ತೆ, ಹೆದರ್ಬೇಡಿ. ಹೊರಳಿದೆ. ಬೆನ್ನ ಕೆಳಗೆ ಅದು, ಎಣಿಸಿದ್ದಕ್ಕಿಂತ ಎತ್ತರ, ಹಳೆಯದು ಹೊಸದು ಎರಡೂ ಒಂದೇ ಸುರುಳಿಯಾಗಿ, ಹಳೆಯದರಲ್ಲಿ ನಮ್ಮಿಬ್ಬರ ಬಿಸಿ ಇನ್ನೂ ಆರಿಲ್ಲ, ಹೊಸದು ತಣ್ಣಗೆ, ಗರಿಗರಿ, ಇನ್ನು ಅರ್ಧ ಹೊರಳಿದರೆ ಆಯಿತು, ಹೊರಳುತ್ತೇನೆ, ಒಂದು ನಿಮಿಷ ಅಮ್ಮ, ಮೇಲೆ ಚಾವಣಿ, ಬಿಳಿ, ಕೆಳಗೆ ಈ ದಿಬ್ಬ, ಈ ದಿಬ್ಬ —